ಹನ್ನೆರಡು ನಿಮಿಷದ ಹೆಸರುಗಳು

ಅಕ್ಕಾ,

ಈ ಕಾಗದ ನಿನ್ನ ಕೈಗೆ ಸಿಗುವ ಹೊತ್ತಿಗೆ ನಾವು ಮಾತು ಬಿಟ್ಟು ಐದು ತಿಂಗಳು ಒಂಬತ್ತು ದಿನ ಆಗಿರುತ್ತದೆ. ಬೇಕೆಂದು ಎಣಿಸಿದ್ದಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಕೂತವಳಿಗೆ ದಿನಾಂಕಗಳು ತಾವಾಗಿ ಅಂಟಿಕೊಳ್ಳುತ್ತವೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನನ್ನು ಗೆದ್ದವರು ಯಾರಿದ್ದಾರೆ? ಹತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವಳು ನೀನು. ನಾನು ಉಸಿರೆಳೆದುಕೊಳ್ಳುವ ರೀತಿಯಲ್ಲೇ ಮುಂದೇನು ಹೇಳುತ್ತೇನೆಂದು ಕಂಡುಹಿಡಿದುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೆ ನೀನು ನಡುವೆ "ಸರಿ ಬಿಡೇ" ಎಂದು ತಡೆಯಲಾರೆ.

ಲಕೋಟೆಯೊಳಗೆ ಇನ್ನೊಂದು ಸಣ್ಣ ಚೂರು ಇದೆ. ಅದನ್ನು ಕೊನೆಯಲ್ಲಿ ನೋಡು. ಕೊನೆಯವರೆಗೆ ನೋಡಬೇಕೆಂದು ನಿನಗೆ ಹೇಳುವ ಯೋಗ್ಯತೆ ನನಗಿಲ್ಲ, ಗೊತ್ತು. ಆದರೂ ಹೇಳುತ್ತೇನೆ.

ನನಗೆ ಹತ್ತು ವರ್ಷ, ನಿನಗೆ ಇಪ್ಪತ್ತೊಂದು. ರಜೆಯ ದಿನ ನಿನ್ನ ಊಟದ ಡಬ್ಬಿ ತರುವ ನೆಪದಲ್ಲಿ ಎಕ್ಸ್‌ಚೇಂಜಿಗೆ ಬರುತ್ತಿದ್ದೆ. ಮೇಲ್ವಿಚಾರಕಿ ನನ್ನನ್ನು ನಿನ್ನ ಹಿಂದಿನ ಸ್ಟೂಲಿನ ಮೇಲೆ ಕೂರಿಸಿ, "ಬಾಯಿ ಬಿಟ್ರೆ ಹೊರಗೆ" ಎನ್ನುತ್ತಿದ್ದರು. ಗೋಡೆಯುದ್ದಕ್ಕೂ ಕಪ್ಪು ಬೋರ್ಡು, ಅದರ ತುಂಬ ತೂತು, ತೂತಿನ ಕೆಳಗೊಂದು ಸಣ್ಣ ದೀಪ. ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ನೀನು ವೈರು ಎಳೆದು ಪ್ಲಗ್ ಚುಚ್ಚುತ್ತಿದ್ದೆ. ಕೆಲಸ ಮುಗಿದ ಮೇಲೆ ಕೈಬಿಟ್ಟರೆ ವೈರು ಸರ್ರನೆ ಮೇಜಿನೊಳಗೆ ಇಳಿದುಹೋಗುತ್ತಿತ್ತು. ಅದೇನು ಮಾಯೆ ಎಂದು ಒಮ್ಮೆ ಬಗ್ಗಿ ನೋಡಿದ್ದೆ. ಮೇಜಿನ ಕೆಳಗೆ ಪ್ರತಿ ವೈರಿಗೂ ಒಂದೊಂದು ಸೀಸದ ತೂಕ ಜೋತುಬಿದ್ದಿತ್ತು. ಈ ತೂಕವನ್ನು ನೆನಪಿಟ್ಟುಕೋ, ಮುಂದೆ ಬರುತ್ತದೆ.

ಇನ್ನೊಂದು ಸಂಗತಿ, ಟ್ರಂಕ್ ಕಾಲಿನ ಚೀಟಿ. ದೂರದ ಊರಿಗೆ ಲೈನ್ ಬೇಕೆಂದರೆ ನೀನು ಮುಂದಿನ ಊರಿನವಳನ್ನು ಕರೆಯಬೇಕು, ಅವಳು ಅದರಾಚೆಯವಳನ್ನು. ಆ ಸಣ್ಣ ಹಳದಿ ಚೀಟಿಯ ಮೇಲೆ ನೀನು, ದಾರಿಯಲ್ಲಿ ಲೈನ್ ಕೊಟ್ಟ ಪ್ರತಿ ಆಪರೇಟರಿನ ಸಂಖ್ಯೆಯನ್ನೂ ಬರೆಯುತ್ತಿದ್ದೆ. ಯಾಕೆ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ನನಗೆ ಈಗಲೂ ಅಕ್ಷರಶಃ ನೆನಪಿದೆ: "ಈ ಕಾಲ್ ನಾನೊಬ್ಬಳೇ ಹಾಕಿದ್ದಲ್ಲ ಕಣೇ. ನಾಲ್ಕು ಊರಿನ ನಾಲ್ಕು ಹುಡುಗೀರು ಹಾಕಿದ್ದು. ನಾನು ಕೊನೆಯವಳು, ಅಷ್ಟೆ."

ನಲವತ್ತೊಂದು ವರ್ಷ ಹಿಂದೆ ಕೇಳಿದ ಮಾತು. ಈ ವರ್ಷ ನಾನು ಮಾಡಿದ ತಪ್ಪನ್ನು ತಡೆಯಲು ಅಷ್ಟು ಸಾಕಿತ್ತು. ತಡೆಯಲಿಲ್ಲ.

ಎಕ್ಸ್‌ಚೇಂಜಿಗೆ ಯಂತ್ರ ಬಂತು. ಹನ್ನೊಂದು ಜನರ ಸಾಲು ಎದ್ದುಹೋಯಿತು. ನಿನ್ನನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿಗೆ ಹಾಕಿದರು. ಅಲ್ಲಿ ಹತ್ತು ವರ್ಷ ಕೂತೆ. ಆ ಹತ್ತು ವರ್ಷದಲ್ಲಿ ನಿನ್ನ ಬಾಯಿಂದ ಒಂದು ತಮಾಷೆಯ ಮಾತು ಬಂದದ್ದು ನನಗೆ ನೆನಪಿಲ್ಲ. ನಲವತ್ತೊಂಬತ್ತಕ್ಕೆ ಸ್ವಂತ ಇಷ್ಟದಿಂದ ನಿವೃತ್ತಿ ಬರೆದುಕೊಟ್ಟೆ. ಮನೆಯಲ್ಲಿ ಆರು ತಿಂಗಳು ಕಿಟಕಿ ಒರೆಸಿದೆ. ಕೊನೆಗೆ ಭಾವ, "ಇವಳು ಒರೆಸಿ ಒರೆಸಿ ಗಾಜೇ ತೆಳ್ಳಗಾಗ್ತಿದೆ, ಏನಾದ್ರೂ ಮಾಡಮ್ಮಾ" ಎಂದು ನನಗೆ ಹೇಳಿದರು. ಕನ್ನಡಕದ ಅಂಗಡಿ ಇಟ್ಟವರಿಗೆ ಗಾಜಿನ ಚಿಂತೆ ಸಹಜ. ನಾನು ನಿನ್ನನ್ನು ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್ ತರಗತಿಗೆ ಸೇರಿಸಿದೆ. ಅರ್ಜಿ ಟೈಪ್ ಮಾಡುವುದನ್ನು ಕಲಿಸುವ ತರಗತಿ ಅದು. ನೀನು ಮೂರನೆಯ ದಿನವೇ, ಕಂಪ್ಯೂಟರಿನಲ್ಲಿದ್ದ ಇಸ್ಪೀಟಿನ ಆಟ ತೋರಿಸಿ "ಇದನ್ನ ಹೇಗೆ ಮಾಡಿದ್ದಾರೆ?" ಎಂದೆಯಂತೆ. ಕಲಿಸುವವರು "ಅದೆಲ್ಲ ನಿಮಗ್ಯಾಕಮ್ಮಾ?" ಎಂದರಂತೆ. ಅವರು ಹಾಗೆ ಅನ್ನದಿದ್ದರೆ ನೀನು ಬಹುಶಃ ಅರ್ಜಿ ಟೈಪ್ ಮಾಡುವುದನ್ನೇ ಕಲಿತುಬಿಡುತ್ತಿದ್ದೆ. ನಿನಗೆ ಬೇಡ ಎಂದವರೆಲ್ಲ ನಿನಗೆ ಉಪಕಾರವನ್ನೇ ಮಾಡಿದ್ದಾರೆ.

ಆಟ ಕಟ್ಟುವವರಿಗೆಂದೇ ಒಂದು ತಂತ್ರಾಂಶ ಇರುತ್ತದೆ, ಅದಕ್ಕೆ ಎಂಜಿನ್ ಎನ್ನುತ್ತಾರೆ, ಕೆಲವು ಎಂಜಿನ್‌ಗಳು ಓಪನ್ ಸೋರ್ಸ್ ಎಂದು ನಿನ್ನಿಂದಲೇ ತಿಳಿದೆ. ಎಂದರೆ ಅದರ ಒಳಬರಹ, ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಅದರ ಮೇಲೆ ಕಟ್ಟಿದ್ದನ್ನು ಮಾರಲೂಬಹುದು. ನೀನು ಹಿಡಿದ ಎಂಜಿನ್ನಿಗೆ ಇದ್ದ ಷರತ್ತು ಎರಡು: ಮಾಡಿದವರ ಹೆಸರು ಅಳಿಸಬಾರದು, ನಿನ್ನ ಆಟ ಕೊಂಡವರು ಕೇಳಿದರೆ ಅದರ ಒಳಬರಹವನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ನಾನು ನಕ್ಕಿದ್ದೆ. "ಬಿಟ್ಟಿ ಸಿಗೋದನ್ನ ಮಾರ್ತೀಯಾ? ಕೊಂಡವನಿಗೆ ಮಾಡೋ ವಿಧಾನಾನೂ ಹೇಳ್ಕೊಡ್ತೀಯಾ? ಇದ್ಯಾವ ಊರಿನ ವ್ಯಾಪಾರ ಅಕ್ಕಾ?" ನೀನು ನನ್ನ ಕೈಯಲ್ಲಿದ್ದ ಪತ್ರಿಕೆ ತೋರಿಸಿ, "ನಿನ್ನೆ ನಡೆದದ್ದು ಎಲ್ಲರಿಗೂ ಗೊತ್ತಿರುತ್ತೆ. ನೀವು ಅದನ್ನೇ ಬೆಳಿಗ್ಗೆ ಮಾರ್ತೀರಲ್ಲ" ಎಂದೆ. ಭಾವ ಕೆಳಗಿನಿಂದಲೇ ಕೂಗಿದರು: "ಪತ್ರಕರ್ತೆಗೆ ಉತ್ತರ ಸಿಕ್ತಾ, ಇಲ್ಲಾ ಕನ್ನಡಕ ಕೊಡ್ಲಾ?"

ಅವರ ಅಂಗಡಿಯ ಮೇಲಿನ ಕೋಣೆ ನಿನ್ನ ಕಾರ್ಖಾನೆಯಾಯಿತು. ಹಳೆಯ ಕನ್ನಡಕದ ಚೌಕಟ್ಟುಗಳ ಪೆಟ್ಟಿಗೆಗಳನ್ನು ಒಂದು ಗೋಡೆಗೆ ಸರಿಸಿ ಎರಡು ಮೇಜು ಹಾಕಿದಿರಿ. ಎಂಜಿನ್ ಬಳಸುವವರ ಗುಂಪೊಂದು ಅಂತರ್ಜಾಲದಲ್ಲಿತ್ತು. ಅಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರಿಗೂ ಅಡ್ಡಹೆಸರೇ. ನೀನು ನಿಘಂಟು ಮಗ್ಗುಲಲ್ಲಿಟ್ಟುಕೊಂಡು ಮೊದಲ ಸಂದೇಹ ಬರೆದದ್ದಕ್ಕೆ ಎರಡು ಗಂಟೆಯಲ್ಲಿ ಉತ್ತರ ಬಂತು. ಬರೆದವರ ಅಡ್ಡಹೆಸರು ಅಳಿಲು. ಆ ಎಂಜಿನ್ನಿನ ಮುಖ್ಯ ಕೆಲಸಗಾರ ಅವರೇ ಎಂದು ನಿನಗೆ ವರ್ಷವಾದ ಮೇಲೆ ಗೊತ್ತಾಯಿತು. ಗಂಡೋ ಹೆಣ್ಣೋ, ಮುದುಕರೋ ಎಳೆಯರೋ ಇಂದಿಗೂ ಗೊತ್ತಿಲ್ಲ. ಹನ್ನೊಂದು ವರ್ಷ ನಿನ್ನ ಒಂದೊಂದು ಸಂದೇಹಕ್ಕೂ ಉತ್ತರ ಬರೆದರು. ನೀನು ಮನೆಯವರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದೆ: "ಅಳಿಲಿಗೆ ಹುಷಾರಿಲ್ಲವಂತೆ." "ಅಳಿಲು ಇವತ್ತು ಸಿಡಿಸಿಡಿ ಅಂತಿದೆ."

ನಿನ್ನ ಆಟ, "ಲೈನಿನಲ್ಲೇ ಇರಿ", ಮುಗಿಯಲು ನಾಲ್ಕು ವರ್ಷ ಹಿಡಿಯಿತು. ಆಡುವವರು ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರ್. ದೀಪ ಹತ್ತುತ್ತದೆ, ಧ್ವನಿ ಕೇಳುತ್ತದೆ, ಸರಿಯಾದ ತೂತಿಗೆ ವೈರು ಚುಚ್ಚಬೇಕು. ಒಟ್ಟು ಎಂಟು ಪಾಳಿ. ಹೆರಿಗೆಗೆ ವೈದ್ಯರನ್ನು ಕರೆಯುವವನು, ಮಗಳ ಜತೆ ಜಗಳವಾಡಿ ಫೋನಿಟ್ಟು ಮತ್ತೆ ಅದೇ ನಂಬರ್ ಕೇಳುವ ತಾಯಿ. ಯಾರ ಮಾತನ್ನೂ ಕದ್ದು ಕೇಳಬಾರದು, ಯಾರನ್ನೂ ಕಾಯಿಸಬಾರದು. ಚಿತ್ರ ಬರೆಯಲು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ ಹೆಂಗಸು ಬಂದಳು. ಡಿಜಿಟಲ್ ಬೋರ್ಡ್ ಬಂದು ಅವಳ ಕುಂಚ ಒಣಗಿತ್ತು. ಊರೂರಿಗೆ ಹೋಗಿ ಆಟ ಅಳವಡಿಸಿ ಬರಲು ಲಿಫ್ಟ್ ಮೆಕ್ಯಾನಿಕ್ ಒಬ್ಬರು ಸೇರಿದರು. ಮೂವರ ವಯಸ್ಸು ಸೇರಿಸಿದರೆ ನೂರ ಅರವತ್ತೆಂಟು. ಕಂಪ್ಯೂಟರ್ ಆಟ ಮಾರುವ ಇಷ್ಟು ಹಿರಿಯ ಸಂಸ್ಥೆ ಇನ್ನೊಂದಿರಲಾರದು ಎಂದು ಭಾವ ಹೇಳುತ್ತಿದ್ದರು. ನಾನು ಪರಿಶೀಲಿಸಿಲ್ಲ.

ಆ ಸೀಸದ ತೂಕಕ್ಕೆ ಬರುತ್ತೇನೆ. ಎಂಜಿನ್ನಿನಲ್ಲಿ ಹಗ್ಗ, ವೈರುಗಳು ತೂಗಾಡುವ ಬಗೆ ನಿನಗೆ ಒಪ್ಪಿಗೆಯಾಗಲಿಲ್ಲ. ಕೈಬಿಟ್ಟ ವೈರು ಸತ್ತ ಹಾವಿನ ಹಾಗೆ ಬೀಳುತ್ತಿತ್ತು. "ಕೆಳಗೆ ತೂಕ ಇರೋ ವೈರು ಹೀಗೆ ಬೀಳಲ್ಲ, ಅದು ಮನೆಗೆ ಓಡೋ ಕರು ಥರ ಹೋಗುತ್ತೆ" ಎಂದು ಹಟ ಹಿಡಿದು ಏಳು ತಿಂಗಳು ಕೂತು ಎಂಜಿನ್ನಿನ ಆ ಭಾಗವನ್ನೇ ತಿದ್ದಿ ಗುಂಪಿಗೆ ಕಳಿಸಿದೆ. ಅಳಿಲು ಅದನ್ನು ಎರಡು ಸಲ ವಾಪಸ್ ಕಳಿಸಿ ಮೂರನೆಯ ಸಲ ಸೇರಿಸಿಕೊಂಡರು. ಅಂದಿನಿಂದ ಆ ಎಂಜಿನ್ ಬಳಸುವ ಎಲ್ಲರ ಹಗ್ಗವೂ ನಿನ್ನ ಹಗ್ಗ. ಯಾರೋ ಮಾಡಿದ ದೋಣಿಯ ಆಟದಲ್ಲಿ ಲಂಗರು ಇಳಿಯುವುದನ್ನು ನೀನು ನನಗೆ ತೋರಿಸಿದ್ದೆ. "ನೋಡು, ನಮ್ಮ ಎಕ್ಸ್‌ಚೇಂಜಿನ ವೈರು" ಎಂದೆ. ನಿನ್ನ ಮುಖದಲ್ಲಿ ಅಂಥ ಕಳೆ ನಾನು ನಿನ್ನ ಮದುವೆಯಲ್ಲೂ ನೋಡಿರಲಿಲ್ಲ. ಇದನ್ನು ಭಾವನಿಗೆ ಹೇಳಬೇಡ.

ಮಾರಾಟ ಶುರುವಾದ ಎರಡನೆಯ ವರ್ಷ ನನ್ನ ಭವಿಷ್ಯವಾಣಿ ನಿಜವಾಯಿತು. ಯಾರೋ ನಿನ್ನ ಒಳಬರಹ ತೆಗೆದುಕೊಂಡು, ಹೆಸರು ಬದಲಿಸಿ, ಅರ್ಧ ಬೆಲೆಗೆ ಮಾರತೊಡಗಿದರು. ನಾನು ಓಡಿಬಂದು "ನೋಡಿದ್ಯಾ? ಹೇಳಿರಲಿಲ್ವಾ?" ಎಂದೆ. ನೀನು ಆ ಆಟವನ್ನು ದುಡ್ಡು ಕೊಟ್ಟು ಕೊಂಡು ಪೂರ್ತಿ ಆಡಿ ಮುಗಿಸಿದ್ದೆ. "ಇವರು ದೀಪದ ಜತೆ ಒಂದು ಗುರುತು ಹಾಕಿದಾರೆ ನೋಡು. ಕೆಂಪು ಹಸಿರು ಬೇರೆಬೇರೆ ಕಾಣದವರಿಗೂ ಆಡೋಕೆ ಬರುತ್ತೆ. ನನಗೆ ಹೊಳೆದೇ ಇರಲಿಲ್ಲ" ಎಂದೆ. ಅವರಿಂದ ಒಳಬರಹ ಕೇಳಿ ಪಡೆದು ಆ ಗುರುತನ್ನು ನಿನ್ನ ಆಟಕ್ಕೂ ಸೇರಿಸಿದೆ. ಅವರ ಹೆಸರನ್ನೂ ಸೇರಿಸಿದೆ. ಆಮೇಲೆ ಅವರು ಅಂಗಡಿ ಮುಚ್ಚಿದರು. ನೀನು ಮುಚ್ಚಲಿಲ್ಲ, ಏಕೆಂದರೆ ನಿನ್ನ ಜೀವನ ನಡೆಯುತ್ತಿದ್ದದ್ದು ಆಟದ ಬೆಲೆಯಿಂದಲ್ಲ, ಸೇವೆಯಿಂದ. ಗ್ರಂಥಾಲಯ, ಶಾಲೆ, ಹಿರಿಯರ ಕೇಂದ್ರಗಳಿಗೆ ಆಟ ಅಳವಡಿಸಿ, ಕಲಿಸಿಕೊಟ್ಟು, ವರ್ಷವಿಡೀ ನೋಡಿಕೊಳ್ಳುವ ಕೆಲಸ. ಏನಾದರೂ ಕೆಟ್ಟರೆ ಎರಡನೆಯ ರಿಂಗಿಗೆ ನೀನೇ ಫೋನ್ ಎತ್ತುತ್ತಿದ್ದೆ. "ಆಟ ಬಿಟ್ಟಿ ಸಿಗುತ್ತೆ. ನಾನು ಸಿಗಲ್ಲ" ಎನ್ನುತ್ತಿದ್ದೆ.

ಇನ್ನು ನನ್ನ ತಪ್ಪು. ಸುದ್ದಿ ಬರೆದ ಹಾಗೆ, ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಹಳೆಯ ಎಕ್ಸ್‌ಚೇಂಜ್ ಕಟ್ಟಡ ಕೆಡವಿದ ವಾರ ಸಂಪಾದಕರು ನಿನ್ನ ಬಗ್ಗೆ ಬರೆಯಲು ಹೇಳಿದರು. ಸ್ವಂತ ಅಕ್ಕನ ಬಗ್ಗೆ ಬರೆಯುವುದು ಸರಿಯಲ್ಲ ಎಂದೆ. ಕೆಳಗೆ ಸಂಬಂಧ ನಮೂದಿಸಿದರೆ ಸಾಕು ಎಂದರು. ನಾನು ಆಟದ ಎರಡು ಪಾಳಿ ಆಡಿದೆ, ನಿನಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಇಡುವ ಮುಂಚೆ ನೀನು "ಕೊನೆವರೆಗೂ ನೋಡಿ ಬರಿಯೇ" ಎಂದೆ. ನಾನು "ನೋಡಿದೀನಿ ಬಿಡು" ಎಂದೆ. ನೋಡಿರಲಿಲ್ಲ. ಆಮೇಲೆ "ಸೊನ್ನೆಯಿಂದ ಕಟ್ಟಿದ ಆಟ" ಎಂದು ತಲೆಬರಹ ಕೊಟ್ಟೆ. ಯಾರ ನೆರವೂ ಇಲ್ಲದೆ ಒಬ್ಬಳೇ ಸಂಪೂರ್ಣ ರೂಪಿಸಿದಳು ಎಂದು ಎರಡನೆಯ ಪ್ಯಾರಾದಲ್ಲಿ ಬರೆದೆ. ಅಳಿಲಿನ ವಿಷಯ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಿಟ್ಟಿ ಸಿಕ್ಕಿದ್ದಕ್ಕೆ ಯಜಮಾನರಿಲ್ಲ ಎಂದುಕೊಂಡಿದ್ದೆ. ಅಡುಗೆ ಹೊಗಳುವಾಗ ಒಲೆ ಮಾಡಿದವನ ಹೆಸರು ಯಾರು ಹೇಳುತ್ತಾರೆ ಎಂದುಕೊಂಡಿದ್ದೆ. ನಿನ್ನನ್ನು ಎತ್ತರಕ್ಕೆ ಏರಿಸಬೇಕಿತ್ತು ನನಗೆ, ಅಷ್ಟೆ. ಏಣಿಯನ್ನು ಚಿತ್ರದಿಂದ ಅಳಿಸಿಬಿಟ್ಟೆ.

ಲೇಖನ ಬಂದ ನಾಲ್ಕನೆಯ ದಿನ ಯಾರೋ ಅದನ್ನು ಭಾಷಾಂತರಿಸಿ ನಿಮ್ಮ ಗುಂಪಿಗೆ ಹಾಕಿದರು. ನೀನು ಕೂಡಲೇ ನಿಜ ಬರೆದೆ. ಆಗ ಒಬ್ಬರು ಕೇಳಿದ ಪ್ರಶ್ನೆಯನ್ನು ನೀನು ನನಗೆ ಓದಿ ಹೇಳಿದೆ: "ನೀವು ಹೇಳದೆ ನಿಮ್ಮ ತಂಗಿ ಬರೆದರೇ?" ಗುಂಪಿನ ಜಾಲತಾಣದಲ್ಲಿದ್ದ ನಿನ್ನ ಆಟದ ಪುಟದ ಮೇಲೆ, ಹೆಸರು ಮರೆಮಾಚಿದ ದೂರು ಪರಿಶೀಲನೆಯಲ್ಲಿದೆ ಎಂಬ ಸೂಚನೆ ಬಿತ್ತು. ಅಳಿಲು ಏನೂ ಬರೆಯಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿನ್ನ ಸಂದೇಶಕ್ಕೆ ಉತ್ತರವೇ ಬರಲಿಲ್ಲ. ನೀನು ನನ್ನನ್ನು ಕೇಳಿದ್ದು ಒಂದೇ: ತಿದ್ದುಪಡಿ ಹಾಕು. ಮುದ್ರಣದಲ್ಲಿ ಹೋದ ಮಾನ ಮುದ್ರಣದಲ್ಲೇ ಬರಬೇಕು.

ನಾನು ಹಾಕಲಿಲ್ಲ. ನನ್ನ ಹೆಸರಿನಲ್ಲಿ ಬಂದ ಬರಹಕ್ಕೆ ಇಪ್ಪತ್ತಾರು ವರ್ಷದಲ್ಲಿ ಒಂದೂ ತಿದ್ದುಪಡಿ ಬಂದಿಲ್ಲ ಎಂಬುದು ನನ್ನ ಒಡವೆಯಾಗಿತ್ತು. ಹೊಸಬರಿಗೆ ಹೇಳಿಕೊಳ್ಳುತ್ತಿದ್ದೆ. "ಇಷ್ಟು ಸಣ್ಣ ವಿಷಯಕ್ಕಾ? ಹೊಗಳಿದ್ದಕ್ಕೆ ಯಾರಾದ್ರೂ ತಿದ್ದುಪಡಿ ಕೇಳ್ತಾರಾ?" ಎಂದೆ.

ಅದೇ ವಾರ ಆ ಆಟಿಕೆ ಕಂಪನಿಯವರು ಬಂದರು. ನನ್ನ ಲೇಖನ ಓದಿಯೇ ಬಂದಿದ್ದರು, ಕೈಯಲ್ಲಿ ಕತ್ತರಿಸಿದ ಪುಟ ಇತ್ತು. ನಾನೂ ಆ ದಿನ ಮೇಲಿನ ಕೋಣೆಯಲ್ಲಿದ್ದೆ. ಆಟವನ್ನು ಪೂರ್ತಿ ಕೊಳ್ಳುತ್ತೇವೆ, ನಿಮ್ಮ ಮೂವರಿಗೂ ಐದು ವರ್ಷ ಸಂಬಳದ ಕೆಲಸ ಎಂದರು. ಬೋರ್ಡ್ ಬರೆಯುವವಳ ಕಣ್ಣು ಅರಳಿದ್ದನ್ನು ನೋಡಿದೆ. ನೀನು ಎಂಜಿನ್ನಿನ ವಿಷಯ ಹೇಳಿದೆ. ಅವರ ಮುಖ್ಯಸ್ಥ ಸ್ವಲ್ಪ ಯೋಚಿಸಿ, ಹಾಗಾದರೆ ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ತೆಗೆಯಿರಿ, ಒಳಬರಹ ಯಾರಿಗೂ ಕೊಡಬೇಡಿ ಎಂದ. ಅದು ನನ್ನ ಕೈಯಲ್ಲಿಲ್ಲ, ಎಂಜಿನ್ನಿನ ಲೈಸೆನ್ಸ್ ಒಪ್ಪುವುದಿಲ್ಲ ಎಂದೆ ನೀನು.

"ಯಾರಿಗೆ ಗೊತ್ತಾಗುತ್ತೆ ಮೇಡಂ? ಹೆಸರೂ ಇಲ್ಲದ ಜನ."

"ಹೆಸರಿಲ್ಲ ಅಂತ ಯಾರು ಹೇಳಿದ್ದು? ಹನ್ನೆರಡು ನಿಮಿಷ ಕೂತ್ಕೊಳಿ, ಎಲ್ಲಾ ಹೆಸರೂ ಬರುತ್ತೆ."

ಅವನು ಕೂರಲಿಲ್ಲ. ಇಳಿದುಹೋದ. ಕೆಳಗೆ ಭಾವ ಅವನಿಗೆ, "ಸಾರ್, ಹತ್ತಿರದ್ದು ಕಾಣಿಸ್ತಿಲ್ಲ ಅನ್ಸುತ್ತೆ, ಕಣ್ಣು ಪರೀಕ್ಷೆ ಮಾಡ್ಲಾ?" ಎಂದದ್ದು ಕೇಳಿಸಿತು. ಯಾರೂ ನಗಲಿಲ್ಲ. ನಾನು ನಿನ್ನ ಮೇಲೆ ಹರಿಹಾಯ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಕೊಂಡೆ, ನಿನ್ನ ಜತೆಗಿರುವವರ ತುತ್ತನ್ನೂ ತಟ್ಟಿಹಾಕಿದೆ, ನಿನಗೆ ಹೆಸರು ಬರಲಿ ಎಂದು ಬರೆದ ನಾನೇ ಮುಠ್ಠಾಳಳು ಎಂದೆ. ನೀನು ದನಿ ಏರಿಸಲಿಲ್ಲ.

"ನನಗೆ ಹೆಸರು ಕೊಟ್ಟಿದ್ದಲ್ಲ ಕಣೇ ನೀನು. ಅಷ್ಟು ಜನರ ಹೆಸರು ಕದ್ದು ನನ್ನ ಸೆರಗಿಗೆ ಕಟ್ಟಿದೆ. ನಿಮ್ಮ ಪೇಪರಿನ ಕೊನೇ ಪುಟದ ಅಡೀಲಿ ಮುದ್ರಿಸಿದವರು, ಪ್ರಕಟಿಸಿದವರು ಅಂತ ಸಣ್ಣಕ್ಷರದಲ್ಲಿ ಹಾಕ್ತೀರಲ್ಲ? ಅದನ್ನ ಒಂದು ದಿನ ಬಿಟ್ಟು ನೋಡು."

ಆಮೇಲೆ ನೀನು ನನಗೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಹೋದ ಮಂಗಳವಾರ ಗ್ರಂಥಾಲಯದ ಹೊಸ ಓದುಕೋಣೆಯ ಸುದ್ದಿಗೆ ಹೋಗಿದ್ದೆ. ಅಲ್ಲಿ ನಿನ್ನ ಆಟ ಇದೆ ಎಂದು ಗೊತ್ತಿತ್ತು, ಹೀಗೆ ಇರುತ್ತದೆ ಎಂದು ಗೊತ್ತಿರಲಿಲ್ಲ. ದೊಡ್ಡ ಪರದೆಯ ಮುಂದೆ ಹದಿನಾಲ್ಕು ಕುರ್ಚಿ, ಹದಿನಾಲ್ಕೂ ತುಂಬಿದ್ದವು. ಇಬ್ಬರು ವಯಸ್ಸಾದ ಹೆಂಗಸರು ಒಂದು ಪ್ಲಗ್ಗಿಗಾಗಿ ಕಾದಾಡುತ್ತಿದ್ದರು. "ರೀ, ಆ ಡಾಕ್ಟರ್ ಲೈನ್ ಮೊದಲು ಕೊಡ್ರೀ, ಅಲ್ಲಿ ಬಸುರಿ ನರಳ್ತಿದಾಳೆ!" "ನಿಮ್ಮ ಕೈ ತೆಗೀರಿ, ನನಗೂ ಕಣ್ಣಿದೆ!" ಕೊನೆಯ ಪಾಳಿ ಶುರುವಾಯಿತು. ಪರದೆಯಿಂದ ಒಂದು ಗಂಟಲು ಕಿರುಚಿತು: "ಏನಮ್ಮಾ, ನಿದ್ದೆ ಮಾಡ್ತಿದೀಯಾ? ಎಷ್ಟೊತ್ತು ಕಾಯೋದು? ನನ್ನ ಲೈನ್ ಎಲ್ಲಿ?" ಹದಿನಾಲ್ಕು ಜನವೂ ನಕ್ಕರು. ಒಬ್ಬರು "ಬಂದ್ಲಪ್ಪಾ ಜಗಳಗಂಟಿ" ಎಂದರು.

ಅಕ್ಕಾ, ಅದು ನನ್ನ ಧ್ವನಿ. ಆರೇಳು ವರ್ಷದ ಕೆಳಗೆ ಒಂದು ಭಾನುವಾರ ನೀನು ಮೈಕು ಮುಂದಿಟ್ಟು "ಒಂದೆರಡು ನಿಮಿಷ ಚೆನ್ನಾಗಿ ಬೈಯೇ, ಆಟಕ್ಕೆ ಹಾಕ್ತೀನಿ" ಎಂದಿದ್ದೆ. ನಾನು ಮನಸಾರೆ ಬೈದು ಮರೆತುಬಿಟ್ಟಿದ್ದೆ.

ಗ್ರಂಥಪಾಲಕಿ ನನ್ನನ್ನು ಗುರುತು ಹಿಡಿದರು. "ನಿಮ್ಮಕ್ಕ ಮೊದಲೇ ಹೇಳಿದ್ರು, ಕೋಡ್ ತಗೊಂಡು ನೀವೇ ಹಾಕ್ಕೊಳಿ, ದುಡ್ಡು ಬೇಡ ಅಂತ. ಹಾಕ್ಕೊಂಡ್ವಿ. ಮೂರೇ ದಿನಕ್ಕೆ ಕೆಡಿಸಿಕೊಂಡ್ವಿ. ಆಮೇಲೆ ವರ್ಷದ ಸೇವೆಗೆ ಅವರನ್ನೇ ಹಿಡ್ಕೊಂಡ್ವಿ" ಎಂದರು. ಮತ್ತೆ ದನಿ ತಗ್ಗಿಸಿ, "ಮುಂದಿನ ವರ್ಷದ್ದು ಕಮಿಟಿಯವರು ತಡೆದಿದಾರೆ. ಆಟದ ಪುಟದಲ್ಲಿ ಅದೇನೋ ಸೂಚನೆ ಇದೆಯಲ್ಲ. ಇನ್ನೆರಡು ಗ್ರಂಥಾಲಯದವರೂ ಹಾಗೇ ಮಾಡಿದಾರಂತೆ. ನಿಮಗೆ ಗೊತ್ತಿರಬೇಕಲ್ಲ?" ಎಂದರು.

ಗೊತ್ತಿರಲಿಲ್ಲ. ನೀನು ಹೇಳುವವಳಲ್ಲ. ನನ್ನ ಎರಡನೆಯ ಪ್ಯಾರಾದ ಒಂದು ವಾಕ್ಯ ಮೂರು ಗ್ರಂಥಾಲಯಗಳವರೆಗೆ ನಡೆದುಹೋಗಿ ನಿನ್ನ ಬಾಗಿಲು ಮುಚ್ಚಿಸುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆಟ ಮುಗಿದು ಬೋರ್ಡಿನ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಬ್ಯಾಗು ಹೆಗಲಿಗೇರಿಸಿದೆ. ಮುಂದಿನ ಸಾಲಿನ ಮುದುಕರೊಬ್ಬರು ತಿರುಗಿ ಗದರಿದರು: "ಶ್! ಹೆಸರು ಬರ್ತಿದೆ. ಕೂತ್ಕೊಳಮ್ಮಾ. ಇಲ್ಲಿ ಮುಗಿಯೋವರೆಗೂ ಯಾರೂ ಏಳಲ್ಲ."

ಕೂತೆ.

ನಿಧಾನಕ್ಕೆ, ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಹೆಸರು. ಜತೆಗೆ ಅವರು ಮಾಡಿದ ಕೆಲಸ. ಅಡ್ಡಹೆಸರುಗಳನ್ನೆಲ್ಲ ನೀನು ಕನ್ನಡಕ್ಕೆ ತಂದಿದ್ದೆ. ಅಳಿಲು: ಎಂಜಿನ್ನಿನ ಬೆನ್ನೆಲುಬು. ಮಂಗಳವಾರ: ನೆರಳು ಬೀಳುವ ಬಗೆ. ಮೂರನೇ ಮಹಡಿ: ಹಳೆಯ ಕಂಪ್ಯೂಟರಿನಲ್ಲೂ ಓಡುವ ಹಾಗೆ ಮಾಡಿದವರು. ಕೊಡೆ: ಶಬ್ದ ತಡವಾಗದಂತೆ ನೋಡಿಕೊಂಡವರು, ಈಗಿಲ್ಲ. ಆ "ಈಗಿಲ್ಲ" ಬಂದಾಗ ಮುಂದಿನ ಸಾಲಿನ ಮುದುಕರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಎಷ್ಟು ಸಲ ನೋಡಿದ್ದಾರೋ! ನಿನ್ನ ಆಟವನ್ನು ನಕಲು ಮಾಡಿ ಮಾರಿದವರ ಹೆಸರೂ ಬಂತು: ಕೆಂಪು ಹಸಿರು ಕಾಣದವರಿಗೂ ದಾರಿ ಮಾಡಿದವರು. ವೃತ್ತಿಯ ಚಾಳಿ, ನಾನು ಎಣಿಸುತ್ತಿದ್ದೆ. ನೂರ ಎಂಬತ್ತೇಳನೆಯ ಸಾಲು: "ಸಿಟ್ಟಿನ ಚಂದಾದಾರಳ ಧ್ವನಿ: ನನ್ನ ತಂಗಿ. ಬಾಯಿ ಜೋರು, ಮನಸ್ಸು ಬಂಗಾರ." ಎಲ್ಲಕ್ಕೂ ಕೊನೆಗೆ, ಇನ್ನೂರ ಹನ್ನೆರಡನೆಯದು: "ಲೈನ್ ಕೊಟ್ಟವಳು, ಕೊನೆಯ ಆಪರೇಟರ್." ನಿನ್ನದು ಅಷ್ಟೇ.

ದಿನವೂ ಪತ್ರಿಕೆಯನ್ನು ಕೊನೆಯ ಪುಟದ ಕೊನೆಯ ಸಾಲಿನವರೆಗೆ ಓದಿ ಸಹಿ ಹಾಕುವವಳು ನಾನು. ಸ್ವಂತ ಅಕ್ಕನ ಕೆಲಸವನ್ನು ಎರಡು ಪಾಳಿಗೆ ಮುಚ್ಚಿಟ್ಟು ಹೊಗಳಲು ಕೂತೆ. ನಿನ್ನನ್ನು ಒಂಟಿಯಾಗಿ ನಿಲ್ಲಿಸಿದರೆ ದೊಡ್ಡವಳಾಗಿ ಕಾಣುತ್ತೀ ಎಂದುಕೊಂಡೆ. ಇನ್ನೂರ ಹನ್ನೊಂದು ಜನರನ್ನು ಮುಂದೆ ಕಳಿಸಿ ಬಾಗಿಲ ಬಳಿ ಕೊನೆಯಲ್ಲಿ ನಿಂತ ನೀನು ಎಷ್ಟು ದೊಡ್ಡವಳು ಎಂದು ಆ ಕುರ್ಚಿಯಲ್ಲಿ ಕಂಡೆ. ಇದನ್ನು ಹೇಳಲು ನನಗೆ ಬೇರೆ ಮಾತು ಗೊತ್ತಿಲ್ಲ.

ಕಚೇರಿಗೆ ಹೋಗಿ ತಿದ್ದುಪಡಿ ಬರೆದೆ. ಸಂಪಾದಕರು "ಐದು ತಿಂಗಳ ಹಿಂದಿನದು, ಯಾರಿಗೆ ನೆನಪಿದೆ?" ಎಂದರು. ಇನ್ನೂರ ಹನ್ನೊಂದು ಜನಕ್ಕೆ ಎಂದೆ. ಕೊನೆಯ ವಾಕ್ಯ ಬೇಡ, ಪತ್ರಿಕೆಗೆ ಶೋಭೆಯಲ್ಲ ಎಂದರು. ಅದಿಲ್ಲದಿದ್ದರೆ "ನೀವು ಹೇಳದೆ ಬರೆದರೇ?" ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂದೆ. ಒಪ್ಪಿದರು. ಇವತ್ತಿನ ಎರಡನೆಯ ಪುಟದಲ್ಲಿ ಬಂದಿದೆ. ಲಕೋಟೆಯಲ್ಲಿರುವ ಚೂರು ಅದೇ. ಕತ್ತರಿಸುವಾಗ ಅಂಚು ಸೊಟ್ಟಗಾಯಿತು, ಇಲ್ಲಿ ಪ್ರತಿ ಮಾಡುತ್ತೇನೆ:

"ತಿದ್ದುಪಡಿ: 'ಸೊನ್ನೆಯಿಂದ ಕಟ್ಟಿದ ಆಟ' ಎಂಬ ಲೇಖನದಲ್ಲಿ, 'ಲೈನಿನಲ್ಲೇ ಇರಿ' ಆಟವನ್ನು ಒಬ್ಬರೇ ಯಾರ ನೆರವೂ ಇಲ್ಲದೆ ರೂಪಿಸಿದರು ಎಂದು ಬರೆಯಲಾಗಿತ್ತು. ಇದು ತಪ್ಪು. ಆಟವನ್ನು ಎಲ್ಲರಿಗೂ ತೆರೆದ ಒಂದು ಎಂಜಿನ್ನಿನ ಮೇಲೆ ಕಟ್ಟಲಾಗಿದೆ; ಇದರಲ್ಲಿ ಇನ್ನೂ ಇನ್ನೂರ ಹನ್ನೊಂದು ಜನರ ಕೆಲಸವಿದೆ. ಅವರೆಲ್ಲರ ಹೆಸರು ಆಟದ ಕೊನೆಯಲ್ಲಿ ಮೊದಲಿನಿಂದಲೂ ಇದೆ. ಕೊನೆಯವರೆಗೆ ನೋಡುವಂತೆ ಆಟದ ಕರ್ತೃ ಲೇಖಕಿಗೆ ಹೇಳಿದ್ದರು, ಲೇಖಕಿ ನೋಡಿರಲಿಲ್ಲ."

ಇದನ್ನು ಭಾಷಾಂತರಿಸಿ ನಿಮ್ಮ ಗುಂಪಿಗೂ ಮೂರು ಗ್ರಂಥಾಲಯಕ್ಕೂ ಬೆಳಿಗ್ಗೆಯೇ ಕಳಿಸಿದ್ದೇನೆ. ಸೂಚನೆ ತೆಗೆಯುತ್ತಾರೋ ಇಲ್ಲವೋ, ಕಮಿಟಿ ಏನು ಮಾಡುತ್ತದೋ ತಿಳಿಯದು. ತಿಳಿಯದ್ದನ್ನು ತಿಳಿದ ಹಾಗೆ ಬರೆಯುವುದನ್ನು ಬಿಟ್ಟಿದ್ದೇನೆ. ತಿಳಿದ ಸಂಗತಿ ಒಂದಿದೆ: ಈ ಕಾಗದ ಮುಗಿಸುವ ಹೊತ್ತಿಗೆ ಗುಂಪಿನಿಂದ ನನಗೊಂದು ಉತ್ತರ ಬಂತು. ಕಳಿಸಿದವರು ಅಳಿಲು. ಒಂದೇ ಸಾಲು, ನನ್ನ ಕೈಲಾದಷ್ಟು ಸರಿಯಾಗಿ ಕನ್ನಡಕ್ಕೆ ತಂದಿದ್ದೇನೆ: "ಹಗ್ಗ ಮಾಡಿದವರಿಗೆ ಹೇಳಿ, ಅವರ ಹಳೆಯ ಸಂದೇಹಗಳಿಗೆ ಉತ್ತರ ಬರೆಯಲು ಈಗಷ್ಟೇ ಕೂತಿದ್ದೇನೆ."

ಹೇಳಿದ್ದೇನೆ. ಇನ್ನು ನನ್ನ ಸರದಿ. ನೀನು ಯಾವಾಗ ಕರೆದರೂ ಎತ್ತುತ್ತೇನೆ. ತಕ್ಷಣ ಮಾತಾಡಲು ನಿನಗೆ ಮನಸ್ಸಾಗದಿದ್ದರೆ ಸುಮ್ಮನೆ ಇರು, ಪರವಾಗಿಲ್ಲ. ನಿದ್ದೆ ಮಾಡ್ತಿದೀಯಾ ಎಂದು ಈ ಸಲ ಕಿರುಚುವುದಿಲ್ಲ. ಎಷ್ಟು ಹೊತ್ತಾದರೂ ಲೈನಿನಲ್ಲೇ ಇರುತ್ತೇನೆ.

ನಿನ್ನ ಕೈಯ ದೀಪಗಳು ಆರದಿರಲಿ. ಭಾವನಿಗೆ ನಮಸ್ಕಾರ, ಬೋರ್ಡ್ ಬರೆಯುವವಳಿಗೂ ಮೆಕ್ಯಾನಿ‌ಕರಿಗೂ ನನ್ನ ಕ್ಷಮೆಯಾಚನೆ, ನಿನ್ನ ಪಾದಕ್ಕೆ ನನ್ನ ತಲೆ.

ನಿನ್ನ ಪಟ್ಟಿಯ ನೂರ ಎಂಬತ್ತೇಳನೆಯವಳು,
ತಂಗಿ